ನಾಲ್ವರ ಹೆಸರು, ಒಬ್ಬನ ಲೇಖಣಿ

1969ನೆಯ ಇಸವಿ ಏಪ್ರಿಲ್ ತಿಂಗಳ 7ನೆಯ ತಾರೀಖಿನಂದು ಅಮೇರಿಕೆಯ ಲಾಸ್ ಏಂಜಲೀಸ್ ನಗರದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ 24 ವರ್ಷದ ತರುಣನೊಬ್ಬನು ಒಂದು ಕಿರು ಟಿಪ್ಪಣಿಯನ್ನು ಬರೆದು, ಅದರ ನೆತ್ತಿಯ ಮೇಲೆ ತನ್ನ ಹೆಸರನ್ನೂ ತಾರೀಖನ್ನೂ 1 ಎಂಬ ಕ್ರಮಸಂಖ್ಯೆಯನ್ನೂ ನಮೂದಿಸಿ, ಬೇರೆ ಬೇರೆ ಊರುಗಳಲ್ಲಿದ್ದ ತನ್ನ ಸಂಗಡಿಗರಿಗೆ ಹಂಚಿದನು. ಆತನೇ ಸ್ಟೀವ್ ಕ್ರಾಕರ್. ಆ ಮೇಲೆ ಎರಡು ದಿನ ಕಳೆಯುವದರೊಳಗೆ 2ನೆಯ ಮತ್ತು 3ನೆಯ ಟಿಪ್ಪಣಿಗಳೂ ಸಿದ್ಧವಾದವು. ಆ ಮಾಲಿಕೆಯು ಇಂದಿಗೂ ನಿಂತಿಲ್ಲ. ಅದರ ಕ್ರಮಸಂಖ್ಯೆಯು 9,000ವನ್ನು ದಾಟಿ ಮುಂದೆ ಸಾಗಿದೆ. ಇಂಟರ್ನೆಟ್ ಎಂದು ನಾವು ದಿನಬೆಳಗಾದರೆ ಹೆಸರಿಸುವ ಜಗದ್ವ್ಯಾಪಿ ಯಂತ್ರವ್ಯವಹಾರದ ಕಟ್ಟುಕಟ್ಟಳೆಗಳ ಬಹುಭಾಗವು ಬರೆಯಲ್ಪಟ್ಟಿರುವದು ಈ ಮಾಲಿಕೆಯಲ್ಲಿಯೇ. ಅದನ್ನು ಆರಂಭಿಸಿದವರು ದೊಡ್ಡ ಪ್ರಾಧ್ಯಾಪಕರಲ್ಲ, ಸರಕಾರದ ಅಧಿಕಾರಿಗಳಲ್ಲ. ಬಹುಮಟ್ಟಿಗೆ ವಿದ್ಯಾರ್ಥಿಗಳ ಒಂದು ಚಿಕ್ಕ ಗುಂಪು.

ದೂರದೇಶದ ಈ ವೃತ್ತಾಂತವನ್ನು ನಾವು ಇಲ್ಲಿ ಎತ್ತಿಕೊಂಡದ್ದಕ್ಕೆ ಕಾರಣವುಂಟು. ನಮ್ಮ ನಾಡಿನ ಎಂಜಿನಿಯರಿಂಗ್ ಕಾಲೇಜುಗಳಲ್ಲಿಯೂ ವ್ಯಾಪಾರಶಾಸ್ತ್ರದ ಶಾಲೆಗಳಲ್ಲಿಯೂ ಕೊನೆಯ ವರ್ಷದ ವಿದ್ಯಾರ್ಥಿಗಳು ಮೂವರು ನಾಲ್ವರು ಗುಂಪುಗೂಡಿ ಒಂದು ಕಾರ್ಯವನ್ನು ಕೈಕೊಂಡು, ಅದರ ವರದಿಯನ್ನು ಬರೆದು ಒಪ್ಪಿಸತಕ್ಕದ್ದೆಂಬ ಪದ್ಧತಿಯಿದೆ. ಮಾರ್ಗದರ್ಶಕರ ಮತ್ತು ವಿಭಾಗದ ಮುಖ್ಯಸ್ಥರ ಸಹಿಯುಳ್ಳ ಪ್ರಮಾಣಪತ್ರ, ಇದು ನಮ್ಮದೇ ದುಡಿಮೆಯೆಂದು ವಿದ್ಯಾರ್ಥಿಗಳು ಬರೆದುಕೊಡುವ ಘೋಷಣೆ, ಹಿರಿಯರಿಗೆಲ್ಲ ಕೃತಜ್ಞತೆ, ಆ ಬಳಿಕ ಅಧ್ಯಾಯಗಳು: ಹೀಗೆ ಅದರ ಕ್ರಮ. ಪದ್ಧತಿಯು ಒಳ್ಳೆಯದೇ. ಉದ್ಯೋಗಕ್ಕೆ ಸೇರಿದ ಮೇಲೆ ಈ ತರುಣರು ಬರೆಯಬೇಕಾದ ಕಾಗದಪತ್ರಗಳೆಲ್ಲವೂ ಹತ್ತು ಕೈಗಳು ಕೂಡಿ ಆಗುವಂಥವೇ ಆಗಿವೆ. ಸೇತುವೆಯ ಅಂದಾಜುಪಟ್ಟಿಯಾಗಲಿ ಕಾರಖಾನೆಯ ಸುರಕ್ಷಾ ನಿಯಮಾವಳಿಯಾಗಲಿ ಒಬ್ಬನೇ ಕುಳಿತು ಬರೆದದ್ದಾಗಿರುವದು ವಿರಳ. ಆದುದರಿಂದ ಕೂಡಿ ಬರೆಯುವದನ್ನು ಕಾಲೇಜಿನಲ್ಲಿಯೇ ಕಲಿಸಬೇಕೆಂದು ಹಿರಿಯರು ಯೋಚಿಸಿದ್ದು ಸರಿಯೇ ಸರಿ. ಆದರೆ ನಿಜವಾಗಿ ನಡೆಯುವದೇನು?

ಪತ್ರಿಕೆಯೊಡನೆ ನಮ್ಮ ಮುದ್ರಣಾಲಯದಲ್ಲಿ ರಟ್ಟು ಕಟ್ಟುವ ಕೆಲಸವೂ ನಡೆಯುವದರಿಂದ, ವರ್ಷ ವರ್ಷವೂ ಪರೀಕ್ಷೆಯ ಕಾಲಕ್ಕೆ ಇಂಥ ವರದಿಗಳು ನಮ್ಮ ಮೇಜಿನ ಮೇಲೆ ಬಂದು ಬೀಳುತ್ತವೆ. ಮುಖಪುಟದ ಮೇಲೆ ನಾಲ್ಕು ಹೆಸರು; ತಂದು ನಿಂತಿರುವವನು ಒಬ್ಬ. ಮೂರನೆಯ ಅಧ್ಯಾಯದಲ್ಲಿ ಒಂದು ಪುಟ ತಲೆಕೆಳಗಾಗಿದೆಯಲ್ಲ, ಇದರ ಹಿಂದಿನ ಪುಟ ಯಾವದೆಂದು ಕೇಳಿದರೆ ಆ ಬಡಪಾಯಿಯು ಫೋನು ತೆಗೆದು ಮತ್ತೊಬ್ಬನನ್ನು ಕೇಳುತ್ತಾನೆ. ವರದಿಯನ್ನು ಬರೆದವನು ಆ ಮತ್ತೊಬ್ಬನು. ರಟ್ಟು ಕಟ್ಟಿಸುವದು ಇವನ ಪಾಲಿನ ಕೆಲಸ. ಉಳಿದಿಬ್ಬರಲ್ಲಿ ಒಬ್ಬನು ಚಿತ್ರಗಳನ್ನು ಹುಡುಕಿಕೊಟ್ಟಿದ್ದಾನೆ, ಇನ್ನೊಬ್ಬನು ಖರ್ಚಿನ ಹಣ ಕೊಟ್ಟಿದ್ದಾನೆ. ಇದಕ್ಕೆ ಶ್ರಮವಿಭಾಗವೆಂದು ಹೆಸರು!

ಬರೆಯುವವನು ಯಾರು, ರಟ್ಟು ಕಟ್ಟಿಸಲು ಬರುವವನು ಯಾರು ಎಂಬದನ್ನು ಸ್ವಲ್ಪ ವಿಚಾರಿಸಿದರೆ ಸಂಗತಿಯು ಮತ್ತೂ ಕಹಿಯಾಗುತ್ತದೆ. ಬರೆಯುವವನು ಸಾಮಾನ್ಯವಾಗಿ ಪಟ್ಟಣದಲ್ಲಿ ಇಂಗ್ಲಿಷ್ ಶಾಲೆಯಲ್ಲಿ ಓದಿದವನು. ಕಟ್ಟಿಸಲು ಬರುವವನು ಹಳ್ಳಿಯ ಕನ್ನಡ ಶಾಲೆಯಿಂದ ಬಂದವನು. ಇವನ ಲೆಕ್ಕ ಚೆನ್ನಾಗಿರಬಹುದು, ಯಂತ್ರದ ಮೇಲೆ ಇವನ ಕೈ ಎಲ್ಲರಿಗಿಂತ ಚುರುಕಾಗಿರಬಹುದು, ಕಾರ್ಯದ ಮುಕ್ಕಾಲು ಪಾಲನ್ನು ಇವನೇ ಮಾಡಿರಬಹುದು. ಆದರೆ ವರದಿಯ ಭಾಷೆ ನಯವಾಗಿರಬೇಕೆಂಬ ಒಂದೇ ನೆವದಿಂದ ಲೇಖಣಿಯು ಇವನ ಕೈಗೆ ಬರುವದೇ ಇಲ್ಲ. ನಾಲ್ಕು ವರ್ಷ ಓದಿ, ಹತ್ತು ವರದಿಗಳ ಮೇಲೆ ಹೆಸರು ಹೊತ್ತು, ಒಂದು ಪುಟವನ್ನೂ ಸ್ವಂತವಾಗಿ ಬರೆಯದೆ ಪದವೀಧರನಾಗಿ ಹೊರಬೀಳುತ್ತಾನೆ. ಮುಂದೆ ಉದ್ಯೋಗದಲ್ಲಿಯೂ ಇದೇ ಪಂಕ್ತಿಭೇದವು ಮುಂದುವರಿಯುತ್ತದೆ. ಮಾಡುವವನು ಇವನು, ಮಾಡಿದ್ದನ್ನು ಬರೆದು ಮೇಲಿನವರ ಕಣ್ಣಿಗೆ ಬೀಳುವವನು ಅವನು.

ಇನ್ನು ಅಮೇರಿಕೆಯ ವಿದ್ಯಾರ್ಥಿಗಳ ಕಡೆಗೆ ತಿರುಗೋಣ. ಆ ದೇಶದ ರಕ್ಷಣಾ ಇಲಾಖೆಯ ಅಂಗವಾದ ಅರ್ಪಾ ಎಂಬ ಸಂಸ್ಥೆಯು ದೂರ ದೂರದ ಗಣಕಯಂತ್ರಗಳನ್ನು ತಂತಿಯಿಂದ ಜೋಡಿಸಬೇಕೆಂದು ನಿಶ್ಚಯಿಸಿತು. (ಹಣವು ಸೈನ್ಯದ್ದೆಂಬದನ್ನು ಮರೆಯುವಂತಿಲ್ಲ.) ಜೋಡಣೆಯ ಯಂತ್ರಗಳನ್ನು ಕಟ್ಟಿಕೊಡುವ ಗುತ್ತಿಗೆಯು ಮ್ಯಾಸಚೂಸೆಟ್ಸಿನ ಬೋಲ್ಟ್ ಬೆರಾನೆಕ್ ಅಂಡ್ ನ್ಯೂಮನ್ ಎಂಬ ಕಂಪನಿಗೆ ಹೋಯಿತು. ಮೊದಲು ಜೋಡಿಸತಕ್ಕ ಸ್ಥಳಗಳು ನಾಲ್ಕು: ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯ, ಸ್ಟ್ಯಾನ್‌ಫರ್ಡ್ ಸಂಶೋಧನ ಸಂಸ್ಥೆ, ಸಾಂಟಾ ಬಾರ್ಬರಾದ ವಿಶ್ವವಿದ್ಯಾಲಯ, ಯೂಟಾ ವಿಶ್ವವಿದ್ಯಾಲಯ. ನಾಲ್ಕು ಕಡೆಯಲ್ಲಿಯೂ ನಾಲ್ಕು ಬಗೆಯ ಯಂತ್ರಗಳು. ಒಂದರ ಮಾತು ಇನ್ನೊಂದಕ್ಕೆ ತಿಳಿಯದು. ತಂತಿಯನ್ನು ಜೋಡಿಸಿದ ಮಾತ್ರಕ್ಕೆ ಅವು ಮಾತಾಡಿಯಾವೆ? ಯಾವ ಯಂತ್ರವು ಯಾವದಕ್ಕೆ, ಯಾವ ಕ್ರಮದಲ್ಲಿ, ಏನೆಂದು ಹೇಳತಕ್ಕದ್ದು ಎಂಬ ಒಪ್ಪಂದವನ್ನು ಯಾರಾದರೂ ಬರೆಯಲೇಬೇಕಾಗಿತ್ತು. ಆ ಕೆಲಸವನ್ನು ಹೊರುವವರು ಯಾರೆಂಬದು ಸ್ಪಷ್ಟವಾಗಿರಲಿಲ್ಲ. 1968ರಿಂದ ಆಗಾಗ ಕೂಡುತ್ತಿದ್ದ ಈ ತರುಣರ ಕೈಗೆ ಅದು ತಾನಾಗಿಯೇ ಬಂದು ಬಿದ್ದಿತು.

1969ರ ಫೆಬ್ರುವರಿ ತಿಂಗಳಲ್ಲಿ ಇವರು ಕಂಪನಿಯ ಎಂಜಿನಿಯರರನ್ನು ಮೊದಲ ಬಾರಿಗೆ ಭೆಟ್ಟಿಯಾದಾಗ, ಎದುರಿಗೆ ಕುಳಿತವರು ಬರಿಯ ವಿದ್ಯಾರ್ಥಿಗಳೆಂಬದನ್ನು ಕಂಡು ಕಂಪನಿಯವರಿಗೆ ಸೋಜಿಗವಾಯಿತಂತೆ. ವಿದ್ಯಾರ್ಥಿಗಳಿಗೂ ಒಳಗೊಳಗೆ ಅಳುಕೇ ಇತ್ತು. ಈ ಕಾರ್ಯಕ್ಕೆ ನಿಯುಕ್ತರಾದ ಹಿರಿಯ ಪಂಡಿತರು ಇಂದಿಲ್ಲ ನಾಳೆ ಪೂರ್ವದೇಶದಿಂದ ಬಂದೇ ಬರುವರು, ಅಷ್ಟರೊಳಗೆ ತಾವು ಅಧಿಕಪ್ರಸಂಗ ಮಾಡಿದಂತಾಗಬಾರದು ಎಂಬ ಭಯ. ಕ್ರಾಕರರು ಆ ಕಾಲದಲ್ಲಿ ಸ್ನೇಹಿತರ ಮನೆಯಲ್ಲಿ ಇಳಿದುಕೊಂಡಿದ್ದಾಗ, ಮಲಗಿದವರಿಗೆ ನಿದ್ರಾಭಂಗವಾಗದಿರಲೆಂದು ನಟ್ಟಿರುಳಿನಲ್ಲಿ ಸ್ನಾನದ ಕೋಣೆಯನ್ನು ಹೊಕ್ಕು ಈ ಬರವಣಿಗೆಯನ್ನು ಮಾಡಿದರೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಯಾರಿಗೂ ನೋವಾಗದಂತೆ ವಿನಯದ ಮಾತುಗಳನ್ನು ಹುಡುಕಿ ಹುಡುಕಿ ಜೋಡಿಸಿ, ಕಡೆಗೆ ಆ ಟಿಪ್ಪಣಿಗಳಿಗೆ ಅವರು ಇಟ್ಟ ಹೆಸರು 'ರಿಕ್ವೆಸ್ಟ್ ಫಾರ್ ಕಾಮೆಂಟ್ಸ್', ಎಂದರೆ ಅಭಿಪ್ರಾಯಗಳಿಗಾಗಿ ವಿನಂತಿ. ಕಟ್ಟಳೆಯೆನ್ನಲಿಲ್ಲ, ನಿಯಮವೆನ್ನಲಿಲ್ಲ, ಸಿದ್ಧಾಂತವೆನ್ನಲಿಲ್ಲ. ಇಂದು ಜಗತ್ತೆಲ್ಲವೂ ತಲೆಬಾಗುವ ಕಟ್ಟಳೆಗಳಿಗೂ ಇದೇ ಹೆಸರು ಉಳಿದುಕೊಂಡು ಬಂದಿದೆ.

ಈ ಮಾಲಿಕೆಯಲ್ಲಿ ನಮ್ಮ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚಾಗಿ ಸೆಳೆದದ್ದು ಏಪ್ರಿಲ್ 9ರ ತಾರೀಖಿನ 3ನೆಯ ಟಿಪ್ಪಣಿ. ಟಿಪ್ಪಣಿಗಳನ್ನು ಬರೆಯುವದು ಹೇಗೆಂಬದೇ ಅದರ ವಿಷಯ. ಒಂದೆರಡು ಪುಟಗಳಿಗಿಂತ ದೊಡ್ಡದಲ್ಲ. ಗುಂಪಿನಲ್ಲಿ ಸದ್ಯಕ್ಕೆ ಇಂಥಿಂಥವರು ಇದ್ದಂತೆ ತೋರುತ್ತದೆ ಎಂದು ಐದು ಹೆಸರುಗಳನ್ನು ಹೇಳಿ, ಬಾಗಿಲು ಮುಚ್ಚಿಲ್ಲ, ಬರುವವರು ಬರಬಹುದೆಂದು ಅದು ಸಾರುತ್ತದೆ. ವಿಷಯಕ್ಕೆ ಸಂಬಂಧಪಟ್ಟ ಯಾವ ವಿಚಾರವನ್ನಾದರೂ ಬರೆಯಬಹುದು. ಉದಾಹರಣೆಯಿಲ್ಲದ ತತ್ತ್ವವೂ ಸಲ್ಲುತ್ತದೆ, ಪೀಠಿಕೆಯಿಲ್ಲದ ಬರಿಯ ಸಲಹೆಯೂ ಸಲ್ಲುತ್ತದೆ, ಉತ್ತರದ ಗೊಡವೆಗೆ ಹೋಗದ ಬರಿಯ ಪ್ರಶ್ನೆಯೂ ಸಲ್ಲುತ್ತದೆ. ಒಪ್ಪ ಓರಣಕ್ಕಿಂತ ಸಕಾಲವು ಮುಖ್ಯ. ಟಿಪ್ಪಣಿಯ ಕನಿಷ್ಠ ಪ್ರಮಾಣ ಒಂದು ವಾಕ್ಯ. ಹೀಗೆ ಕಟ್ಟು ಸಡಿಲಿಸಿದ್ದಕ್ಕೆ ಎರಡು ಕಾರಣಗಳನ್ನೂ ಅಲ್ಲಿ ಕೊಟ್ಟಿದೆ. ಬರೆದದ್ದೆಲ್ಲವೂ ಪ್ರಮಾಣವೆಂದು ಭಾವಿಸುವ ಪ್ರವೃತ್ತಿ ಜನರಲ್ಲಿ ಇದೆ, ಅದನ್ನು ತಗ್ಗಿಸಬೇಕೆಂಬದು ಒಂದು. ಒಪ್ಪವಿಲ್ಲದ್ದನ್ನು ನಾಲ್ವರ ಮುಂದಿಡಲು ಯಾರಿಗಾದರೂ ಸಹಜವಾಗಿ ಸಂಕೋಚವಾಗುತ್ತದೆ, ಅದನ್ನು ಬಿಡಿಸಬೇಕೆಂಬದು ಇನ್ನೊಂದು.

ವಾಚಕ ಮಹಾಶಯರೇ, ಆ ಎರಡನೆಯ ಕಾರಣವನ್ನು ಮತ್ತೊಮ್ಮೆ ನೋಡಿರಿ. ನಮ್ಮ ಹಳ್ಳಿಯ ಹುಡುಗನ ಕೈಯಿಂದ ಲೇಖಣಿಯನ್ನು ಕಿತ್ತುಕೊಂಡದ್ದು ಯಾವದೋ ಅದನ್ನೇ ಆ ವಿದ್ಯಾರ್ಥಿಗಳು ಮೂರನೆಯ ಟಿಪ್ಪಣಿಯಲ್ಲಿಯೇ ಬಾಗಿಲಿನಿಂದ ಹೊರಗೆ ಹಾಕಿದರು. ನಯವಾದ ಭಾಷೆಯು ಮೊದಲ ದಿನವೇ ಬೇಕೆಂದರೆ ನಯವಾಗಿ ಬರೆಯಬಲ್ಲವನೊಬ್ಬನೇ ಬರೆಯುವನು. ಒಂದು ವಾಕ್ಯವಾದರೂ ಸಾಕೆಂದರೆ ಎಲ್ಲರೂ ಬರೆಯುವರು. ನಯವು ಬೇಡವೆಂದು ನಾವು ಹೇಳುವದಿಲ್ಲ. ಅಚ್ಚುಕೂಟ ನಡೆಸುವವರು ಹಾಗೆ ಹೇಳಿಯಾರೆ? ಅದಕ್ಕೂ ಒಂದು ಕಾಲವಿದೆ, ಅದು ಕೊನೆಗೆ ಬರುತ್ತದೆ ಎಂದಷ್ಟೇ ನಮ್ಮ ಮಾತು.

ಹಾಗೆ ಬರೆದದ್ದರಿಂದ ಒಳ್ಳೆಯ ಫಲ ಬಂದಿತೆ ಎಂದು ಕೇಳುವವರು ಕೇಳಬಹುದು. ಮೊದಲ ಸಲ ಬರಲಿಲ್ಲ. ಆ ವರ್ಷದ ಅಕ್ಟೋಬರ್ 29ರಂದು ಲಾಸ್ ಏಂಜಲೀಸಿನ ಯಂತ್ರದಿಂದ ಸ್ಟ್ಯಾನ್‌ಫರ್ಡಿನ ಯಂತ್ರಕ್ಕೆ ಒಂದು ಶಬ್ದವನ್ನು ಕಳುಹಿಸಲು ಹೋಗಿ, ಎರಡೇ ಅಕ್ಷರಗಳು ಮುಟ್ಟುವಷ್ಟರಲ್ಲಿ ಆ ಕಡೆಯ ಯಂತ್ರವು ಕೈಕೊಟ್ಟಿತು. ಡಿಸೆಂಬರಿನಲ್ಲಿ ಅರ್ಪಾದ ಲ್ಯಾರಿ ರಾಬರ್ಟ್ಸರು ಯೂಟಾದಲ್ಲಿ ಇವರನ್ನು ಕಂಡು, ನಿಮ್ಮ ಯೋಜನೆಯು ತೀರ ಕಿರಿದಾಯಿತು, ಇಷ್ಟರಿಂದ ಸಾಗದೆಂದು ನೇರವಾಗಿ ತಿಳಿಸಿಬಿಟ್ಟರು. ನಮ್ಮ ಕಾಲೇಜಿನ ಗುಂಪೊಂದಕ್ಕೆ ಹೀಗಾಗಿದ್ದರೆ, ಬರೆದವನ ಮೇಲೆ ಉಳಿದವರು ಹರಿಹಾಯುತ್ತಿದ್ದರು. ಅಲ್ಲಿ ಯೋಜನೆಯ ಒಂದೊಂದು ಭಾಗವೂ ಯಾರ ವಿಚಾರದಿಂದ, ಯಾವ ದಿನ, ಯಾವ ಆಕ್ಷೇಪಣೆಗೆ ಉತ್ತರವಾಗಿ ಹುಟ್ಟಿತೆಂಬದು ಸಂಖ್ಯೆ ಸಂಖ್ಯೆಯಾಗಿ ಕಾಗದದ ಮೇಲಿತ್ತು. ಬುಡಕ್ಕೆ ಹೋಗಿ ಮತ್ತೆ ಕಟ್ಟಲು ಸಾಧ್ಯವಾಯಿತು. ಎರಡು ತಿಂಗಳೊಳಗೆ, 1970ರ ಫೆಬ್ರುವರಿಯಲ್ಲಿ, ಕ್ರಾಕರ್, ಯೂಟಾದ ಸ್ಟೀವ್ ಕಾರ್, ವಿಂಟ್ ಸರ್ಫ್ ಈ ಮೂವರ ಹೆಸರಿನಲ್ಲಿ 33ನೆಯ ಟಿಪ್ಪಣಿಯಾಗಿ ಹೊಸ ಯೋಜನೆಯು ಹೊರಬಂದಿತು. ಅದೇ ವರ್ಷ ಈ ಮೂವರೇ ಒಂದು ವಿದ್ವತ್ಸಮ್ಮೇಳನದಲ್ಲಿ ಆ ವಿಷಯವನ್ನು ಪ್ರೌಢಪ್ರಬಂಧವಾಗಿ ಮಂಡಿಸಿದರು. ನಯವು ಬಂದದ್ದು ಆಗ.

ಈ ಮಾಲಿಕೆಗೆ ಇನ್ನೊಂದು ಕಟ್ಟು ಇದೆ, ಅದು ಸಡಿಲವಲ್ಲ. ಸಂಖ್ಯೆಯನ್ನು ಪಡೆದು ಪ್ರಕಟವಾದ ಟಿಪ್ಪಣಿಯ ಒಡಲನ್ನು ಆ ಮೇಲೆ ತಿದ್ದಲು ಆಸ್ಪದವಿಲ್ಲ. ವಿಚಾರ ಬದಲಾದರೆ ಬೇರೊಂದು ಟಿಪ್ಪಣಿಯನ್ನು ಬೇರೊಂದು ಸಂಖ್ಯೆಯಿಂದ ಬರೆದು, ಇದರಿಂದ ಹಿಂದಿನ ಇಂಥದು ರದ್ದಾಯಿತೆಂದು ನಮೂದಿಸಬೇಕು. ಹಳೆಯದು ಹಾಗೆಯೇ ಉಳಿಯುತ್ತದೆ. 1969ರ ಮೊದಲನೆಯ ಟಿಪ್ಪಣಿಯನ್ನು ಇಂದಿಗೂ ತೆರೆದು ಓದಬಹುದು. ನಮ್ಮ ಹಳೆಯ ಕಂದಾಯ ದಫ್ತರುಗಳಲ್ಲಿ ಕೆಲಸ ಮಾಡಿದವರಿಗೆ ಇದರ ಬೆಲೆಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈಗಿನ ವಿದ್ಯಾರ್ಥಿಗಳಿಗಾದರೋ ಅಂಚೆಯೂ ಬೇಡ, ಕಾಗದವೂ ಬೇಡ. ಗೂಗಲ್ ಡಾಕ್ಸಿನಂಥ ಸಾಧನದಲ್ಲಿ ನಾಲ್ವರೂ ನಾಲ್ಕು ಊರುಗಳಲ್ಲಿ ಕುಳಿತು ಒಂದೇ ಪುಟದ ಮೇಲೆ ಏಕಕಾಲಕ್ಕೆ ಬರೆಯಬಹುದು. ಸೌಲಭ್ಯವು ಅದ್ಭುತವೇ. ಆದರೆ ನಾಲ್ವರು ಒಂದೇ ಪುಟದಲ್ಲಿ ತಿದ್ದತೊಡಗಿದರೆ, ನಿನ್ನೆ ಒಬ್ಬನು ಹಿಂಜರಿಯುತ್ತ ಬರೆದ ವಾಕ್ಯವನ್ನು ಇಂದು ಇನ್ನೊಬ್ಬನು ಅಳಿಸಿ ತನ್ನದನ್ನು ಬರೆಯುತ್ತಾನೆ, ಕಾರಣವನ್ನು ಹೇಳುವ ಗೋಜಿಗೆ ಹೋಗುವದಿಲ್ಲ. ಹಿಂದಿನ ಪಾಠಗಳನ್ನು ಆ ಸಾಧನವು ಒಳಗೆ ಇಟ್ಟುಕೊಂಡಿರುತ್ತದೆ, ಯಾರು ಯಾವಾಗ ಏನು ತಿದ್ದಿದರೆಂಬದನ್ನು ಬೇಕೆಂದರೆ ತೆಗೆದು ತೋರಿಸುತ್ತದೆ. ತೆಗೆದು ನೋಡುವ ಮಾರ್ಗದರ್ಶಕರು ಎಷ್ಟು ಮಂದಿ? ಈಚೆಗೆ ಕೇಳಿದ್ದಕ್ಕೆಲ್ಲ ಕ್ಷಣದಲ್ಲಿ ಅಧ್ಯಾಯಗಟ್ಟಲೆ ಬರೆದುಕೊಡುವ ಕೃತಕ ಬುದ್ಧಿಯ ಯಂತ್ರಗಳು ಬಂದ ಮೇಲಂತೂ, ಬರೆಯುವ ಆ ಒಬ್ಬನೂ ಇಲ್ಲವಾಗಿ, ಮುಖಪುಟದ ಮೇಲಿನ ನಾಲ್ಕು ಹೆಸರುಗಳೂ ಬರಿಯ ಅಲಂಕಾರವಾಗುವ ಕಾಲ ಸಮೀಪಿಸಿದೆ. ದಿನಕ್ಕೊಂದು ವಾರಕ್ಕೊಂದು ಬರೆದ, ಅಂಕುಡೊಂಕಾದ, ಹೆಸರುಳ್ಳ ಟಿಪ್ಪಣಿಗಳನ್ನು ಕೇಳುವ ಮಾರ್ಗದರ್ಶಕನನ್ನು ವಂಚಿಸುವದು ಆ ಯಂತ್ರದಿಂದಲೂ ಅಷ್ಟು ಸುಲಭವಾಗಲಾರದು.

ಹತ್ತು ಜನ ಸೇರಿದಲ್ಲಿ ಹಾವು ಸಾಯದೆಂದು ನಮ್ಮಲ್ಲಿ ಗಾದೆಯಿದೆ. ಎಲ್ಲರೂ ಬರೆಯತೊಡಗಿದರೆ ಮುಗಿಸುವವರಾರು? ಭಿನ್ನಾಭಿಪ್ರಾಯ ಬಂದಾಗ ಮತಗಣನೆ ಮಾಡಬೇಕೆ? 1986ರಲ್ಲಿ ಹುಟ್ಟಿ ಇಂದು ಈ ಕಟ್ಟಳೆಗಳನ್ನು ರೂಪಿಸುತ್ತಿರುವ ಇಂಟರ್ನೆಟ್ ಎಂಜಿನಿಯರಿಂಗ್ ಟಾಸ್ಕ್ ಫೋರ್ಸ್ ಎಂಬ ಮಂಡಲಿಯಲ್ಲಿ ಮತಗಳನ್ನು ಎಣಿಸುವದಿಲ್ಲ. ಸಭೆಯ ಒಲವನ್ನು ತಿಳಿಯಬೇಕಾದರೆ ಪರವಾದವರು ಒಮ್ಮೆ, ವಿರೋಧವಾದವರು ಒಮ್ಮೆ ಬಾಯಿ ಮುಚ್ಚಿಕೊಂಡು ಹೂಂಕರಿಸುವರಂತೆ! ನಗೆ ಬರುವಂತಿದ್ದರೂ ಇದರ ಹಿಂದೆ ಗಟ್ಟಿ ವಿಚಾರವಿದೆ. ಆಕ್ಷೇಪಣೆಯು ಒಬ್ಬನದೇ ಆದರೂ ಅದಕ್ಕೆ ಉತ್ತರ ದೊರೆಯುವವರೆಗೆ ಒಮ್ಮತವಾಯಿತೆನ್ನುವಂತಿಲ್ಲ. ಉತ್ತರ ದೊರೆತ ಮೇಲೆ, ಐವರು ಪರವಾಗಿ ನೂರು ಮಂದಿ ವಿರೋಧವಾಗಿದ್ದರೂ ಒಮ್ಮತವಾಗಿರಬಹುದೆಂದು 2014ರ 7282ನೆಯ ಟಿಪ್ಪಣಿಯು ವಿವರಿಸುತ್ತದೆ. ತಲೆಗಳನ್ನಲ್ಲ, ಆಕ್ಷೇಪಣೆಗಳನ್ನು ಎಣಿಸು ಎಂಬದು ಇದರ ತಾತ್ಪರ್ಯ. ನಾಲ್ವರ ಗುಂಪಿನಲ್ಲಿ ಮೂವರು ಸೇರಿ ಒಬ್ಬನ ಬಾಯಿ ಮುಚ್ಚಿಸುವ ನಮ್ಮ ರೂಢಿಗೆ ಇದು ನೇರ ವಿರುದ್ಧ.

ಮುಗಿಸುವವರ ಪ್ರಶ್ನೆಗೂ ಆ ಇತಿಹಾಸದಲ್ಲಿ ಉತ್ತರವಿದೆ. ಜಾನ್ ಪೋಸ್ಟೆಲ್ ಎಂಬ, ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದ ಇನ್ನೊಬ್ಬ ವಿದ್ಯಾರ್ಥಿಯು ಈ ಮಾಲಿಕೆಯ ಸಂಪಾದಕತ್ವವನ್ನು ವಹಿಸಿಕೊಂಡು, 1998ರ ಅಕ್ಟೋಬರ್ 16ರಂದು ಕಾಲವಾಗುವವರೆಗೆ ಎರಡೂವರೆ ದಶಕಗಳಿಗೂ ಮಿಗಿಲಾಗಿ ಅದನ್ನು ನೋಡಿಕೊಂಡರು. (ಕ್ರಾಕರ್, ಸರ್ಫ್, ಪೋಸ್ಟೆಲ್ ಮೂವರೂ ವ್ಯಾನ್ ನೈಸ್ ಎಂಬಲ್ಲಿನ ಒಂದೇ ಪ್ರೌಢಶಾಲೆಯಲ್ಲಿ ಓದಿದವರು, ಊರಿನ ಗೆಳೆತನಕ್ಕೆ ಸಲ್ಲತಕ್ಕ ಪಾಲನ್ನೂ ಸಲ್ಲಿಸಬೇಕು.) ಕಾಗದಪತ್ರಗಳ ಭಂಡಾರವನ್ನು ಸ್ಟ್ಯಾನ್‌ಫರ್ಡ್ ಸಂಸ್ಥೆಯಲ್ಲಿ ಎಲಿಜಬೆತ್ ಫೈನ್‌ಲರ್ ಎಂಬ ಮಹಿಳೆಯು ಬಹುಕಾಲ ನಡೆಸಿದರು. ಬರೆಯುವವರು ಹಲವರು, ಓರಣಗೊಳಿಸುವವರು ಒಬ್ಬಿಬ್ಬರು. ಆದರೆ ಓರಣಗೊಳಿಸುವವರು ಬರೆದವರ ಹೆಸರನ್ನು ನುಂಗಲಿಲ್ಲ. ನಮ್ಮ ವರದಿಗಳಲ್ಲಿ ಸಂಪಾದಕನೇ ಲೇಖಕನೂ ಆಗಿ, ಉಳಿದ ಮೂವರು ಸಾಕ್ಷಿದಾರರಾಗಿಬಿಡುತ್ತಾರೆ.

ಶಬ್ದಗಳ ತೂಕದ ವಿಷಯದಲ್ಲಿಯೂ ಒಂದು ಮಾತು. ಹಲವರು ಕೂಡಿ ಬರೆದ ಕಾಗದದಲ್ಲಿ ಒಬ್ಬನ 'ಬೇಕು' ಇನ್ನೊಬ್ಬನ 'ಆದರೆ ಒಳ್ಳೆಯದು' ಆಗಿರುತ್ತದೆ. ಸೇತುವೆಗಳು ಬೀಳುವದು ಇಂಥ ಸಂದಿಗಳಲ್ಲಿಯೇ. 1997ರ 2119ನೆಯ ಟಿಪ್ಪಣಿಯು ಇದಕ್ಕಾಗಿಯೇ ಹುಟ್ಟಿತು. ಮಾಡಲೇತಕ್ಕದ್ದು, ಮಾಡುವದು ಯುಕ್ತ, ಮಾಡಬಹುದು ಎಂಬ ಮೂರು ತೂಕಗಳನ್ನು ಅದು ನಿಶ್ಚಯಿಸಿತು. ನಡುವಿನದನ್ನು ಬಿಡುವದಾದರೆ ಬಿಟ್ಟರೆ ಏನಾಗುವದೆಂಬದನ್ನು ಪೂರ್ತಿ ಅರಿತು ಬಿಡಬೇಕು. ದೊಡ್ಡಕ್ಷರಗಳಲ್ಲಿ ಬರೆದಾಗ ಮಾತ್ರ ಈ ಅರ್ಥವೆಂದು 2017ರಲ್ಲಿ ಇನ್ನೊಂದು ಟಿಪ್ಪಣಿಯು ಸ್ಪಷ್ಟಪಡಿಸಿತು. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವಿಲ್ಲ. ನಮ್ಮ 'ತಕ್ಕದ್ದು' ಎಂಬ ಶಬ್ದವೊಂದೇ ಆ ಕೆಲಸವನ್ನು ಮಾಡಬಲ್ಲದು, ಅದನ್ನು ಸವೆಯಿಸದೆ ಬಳಸಿದರೆ.

ಕನ್ನಡದ ಮಾತು ಬಂದದ್ದರಿಂದ ಇದನ್ನೂ ಹೇಳುವೆವು. 1969ರ ಅಕ್ಟೋಬರಿನಲ್ಲಿ ಸರ್ಫರು ಬರೆದ 20ನೆಯ ಟಿಪ್ಪಣಿಯು ಯಂತ್ರಗಳು ಪರಸ್ಪರ ಕಳುಹಿಸತಕ್ಕ ಅಕ್ಷರಗಳನ್ನು ನಿಗದಿಮಾಡಿತು. ಅಲ್ಲಿದ್ದ ಸಂಕೇತಗಳು 128. ಇಂಗ್ಲಿಷಿನ ಹೊರತು ಲೋಕದಲ್ಲಿ ಬೇರೆ ಲಿಪಿಯೇ ಇಲ್ಲವೆಂಬಂತೆ. ಅದು ಅಪೂರ್ಣವಾಗಿಯೇ ಇದ್ದಿತು, ಆದರೆ ಯಾರೂ ಅದನ್ನು ಕೊನೆಯ ಮಾತೆಂದು ಭಾವಿಸಲಿಲ್ಲ. ಮುಂದೆ ಬೇರೆ ಕೈಗಳು ಬೇರೆ ಟಿಪ್ಪಣಿಗಳನ್ನು ಬರೆದವು. 2003ರ ನವೆಂಬರಿನ 3629ನೆಯ ಟಿಪ್ಪಣಿಯು ವಿವರಿಸುವ ಯುಟಿಎಫ್-8 ಎಂಬ ಕ್ರಮದಲ್ಲಿ ನಮ್ಮ 'ಕ'ಕಾರವು ಮೂರು ಬೈಟುಗಳ ರೂಪವನ್ನು ತಾಳಿ ಭೂಮಂಡಲವನ್ನೆಲ್ಲ ಸುತ್ತುತ್ತದೆ. ಈ ಲೇಖನವನ್ನು ಯಾರಾದರೂ ಫೋನಿನ ಮೇಲೆ ಓದುತ್ತಿದ್ದರೆ ಅದು ಅವರನ್ನು ಮುಟ್ಟಿರುವದು ಬಹುಶಃ ಆ ಮಾರ್ಗವಾಗಿಯೇ.

ಹೀಗಿರುವಾಗ ವರದಿಯ ಗುಂಪಿನ ಹುಡುಗನು ತನ್ನ ಟಿಪ್ಪಣಿಯನ್ನು ಕನ್ನಡದಲ್ಲಿ ಬರೆದರೆ ಯಾರ ಗಂಟು ಹೋಗುವದು? ಕೊನೆಯ ವರದಿಯು ಇಂಗ್ಲಿಷಿನಲ್ಲಿಯೇ ಇರತಕ್ಕದ್ದೆಂದು ವಿಶ್ವವಿದ್ಯಾಲಯವು ಹೇಳಿದರೆ ಇರಲಿ. ಅದಕ್ಕೆ ಹಾದಿಯಾದ ಟಿಪ್ಪಣಿಗಳು ಇಂಗ್ಲಿಷಿನಲ್ಲಿರಬೇಕೆಂದು ಯಾರೂ ಹೇಳಿಲ್ಲ. ಯಂತ್ರದ ಕೀಲು ಏಕೆ ಜಾರಿತು, ಅಳತೆಯು ಎರಡು ದಿನ ಎರಡು ಬಗೆಯಾಗಿ ಏಕೆ ಬಂದಿತು ಎಂಬದನ್ನು ಕಣ್ಣಾರೆ ಕಂಡವನು ತನ್ನ ಮಾತಿನಲ್ಲಿ ಅಂದೇ ಬರೆದಿಟ್ಟರೆ, ಭಾಷಾಂತರಕ್ಕೆ ಮತ್ತೊಬ್ಬನ ಕೈ ತಗಲಿದರೂ ವಿಷಯವು ಅವನದಾಗಿಯೇ ಉಳಿಯುತ್ತದೆ. ಮಾರ್ಗದರ್ಶಕರು ವರದಿಯೊಡನೆ ಆ ಟಿಪ್ಪಣಿಗಳ ಕಟ್ಟನ್ನೂ ತರಿಸಿಕೊಂಡು ಅಂಕಗಳಲ್ಲಿ ಒಂದು ಪಾಲನ್ನು ಅದಕ್ಕೆ ಮೀಸಲಿಡಲಿ. ಪ್ರತಿಯೊಂದರ ಮೇಲೂ ಬರೆದವನ ಹೆಸರು, ತಾರೀಖು, ಕ್ರಮಸಂಖ್ಯೆಗಳಿರತಕ್ಕದ್ದು. ಬರೆದದ್ದನ್ನು ಅಳಿಸಕೂಡದು, ಬೇಕಾದರೆ ಹೊಸದನ್ನು ಬರೆಯುವದು. ಕ್ರಮಸಂಖ್ಯೆಯನ್ನು ಕೊಡುವ ಕೆಲಸವನ್ನು ನಾಲ್ವರೂ ತಿಂಗಳಿಗೊಬ್ಬರಂತೆ ಮಾಡಲಿ. ಕನಿಷ್ಠ ಪ್ರಮಾಣ ಒಂದೇ ವಾಕ್ಯ, ಅದು ಕನ್ನಡದ ವಾಕ್ಯವಾದರೂ ಸಲ್ಲುವದೆಂದು ವರ್ಷದ ಮೊದಲ ದಿನವೇ ವಿಭಾಗದ ಫಲಕದ ಮೇಲೆ ಬರೆಯಿಸಬೇಕೆಂದು ಕಾಲೇಜುಗಳ ಅಧ್ಯಕ್ಷರನ್ನು ನಾವು ಕೇಳಿಕೊಳ್ಳುತ್ತೇವೆ.